ಔಲಿಯಲ್ಲಿ ಬಿದ್ದು, ಎದ್ದು, ಮುದ್ದೆ ಉಂಡದ್ದು

ಮೊದಲ ದಿನ ನಾನು 43 ಸಲ ಬಿದ್ದೆ. ಲೆಕ್ಕ ಇಟ್ಟವನು ನಾನಲ್ಲ, ಜೊತೆಗೆ ಬಂದಿದ್ದ ಆಫೀಸಿನ ಗೆಳೆಯ. 43ರ ಹೊತ್ತಿಗೆ ಅವನೇ ಕಾಲು ಮೇಲೆ ಮಾಡಿಕೊಂಡು ಬಿದ್ದ. ಲೆಕ್ಕ ಅಲ್ಲಿಗೆ ನಿಂತಿತು.

ಹೋಗಿದ್ದು ಔಲಿಗೆ. ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಬದರೀನಾಥಕ್ಕೆ ಹೋಗುವ ದಾರಿಯಲ್ಲಿ ಜೋಶಿಮಠ ಸಿಗುತ್ತಲ್ಲ, ಅದರ ನೆತ್ತಿಯ ಮೇಲಿರುವ ಇಳಿಜಾರು ಅದು. ಕಳೆದ ಫೆಬ್ರವರಿಯಲ್ಲಿ ಏಳು ದಿನದ ಸ್ಕೀಯಿಂಗ್ ಕೋರ್ಸ್ ಮಾಡಿ ಬಂದೆವು. ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ, ವಿಡಿಯೋ ಎಲ್ಲಿ ಅಂತ. ವಿಡಿಯೋ ಇದೆ. ತೋರಿಸುವುದಿಲ್ಲ. ಅದರ ಬದಲು ಇದನ್ನು ಓದಿ.

ನಮ್ಮ ಮಾತಿನಲ್ಲಿ ಸ್ನೋಗೆ ಸರಿಯಾದ ಪದವೇ ಇಲ್ಲ ನೋಡಿ. ಹಿಮ ಅಂದರೆ ಪುಸ್ತಕದ ಮಾತು. ಮಂಜು ಅಂದರೆ ಬೆಳಗ್ಗೆ ನಂದಿಬೆಟ್ಟದಲ್ಲಿ ಕಾರಿನ ಗಾಜಿನ ಮುಂದೆ ಬಂದು ನಿಲ್ಲುತ್ತದಲ್ಲ, ಅದು. ಆಲಿಕಲ್ಲು ಏಪ್ರಿಲ್ ಮಳೆಯಲ್ಲಿ ಐದು ನಿಮಿಷ ಬೀಳುತ್ತದೆ, ಮಕ್ಕಳು ಓಡಿಹೋಗಿ ಆರಿಸುವಷ್ಟರಲ್ಲಿ ಕರಗಿರುತ್ತದೆ. ಬೇಕಿದ್ದರೆ ತಾನೇ ಪದ ಹುಟ್ಟುವುದು, ಅಲ್ವಾ? ಹಾಗಾಗಿ ನಾನೂ ಸುಮ್ನೆ ಸ್ನೋ ಅಂತಲೇ ಬರೆಯುತ್ತೇನೆ.

ಸ್ಕೀಯಿಂಗ್ ಹುಚ್ಚು ಹತ್ತಿದ್ದು ಪೇಪರ್ ಓದಿ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು 2025ರಲ್ಲಿ ಚಿಲಿಯಲ್ಲಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕಂಚು ಗೆದ್ದ ಸುದ್ದಿ ಬಂದಿತ್ತು. ಕಾಫಿ ತೋಟದ ನಾಡಿನವರು, ಸ್ನೋ ಮೇಲೆ ಮೆಡಲ್! ಅವರಿಗೇ ಆದರೆ ನನಗೆ ಯಾಕಾಗಬಾರದು ಅಂದುಕೊಂಡೆ. ಯಾಕಾಗಬಾರದು ಅನ್ನುವುದು ಎರಡನೇ ದಿನಕ್ಕೇ ಗೊತ್ತಾಯಿತು, ಅದು ಬೇರೆ ಮಾತು.

ತಯಾರಿ ಅಂತ ಎರಡು ತಿಂಗಳು ಬೆಳಗ್ಗೆ ಲಾಲ್‌ಬಾಗ್ ಬಂಡೆ ಹತ್ತಿ ಬಸ್ಕಿ ಹೊಡೆದೆ. ತೊಡೆ ಗಟ್ಟಿ ಇದ್ದರೆ ಅರ್ಧ ಸ್ಕೀಯಿಂಗ್ ಬಂದ ಹಾಗೆ ಅಂತ ಯಾರೋ ಹೇಳಿದ್ದರು. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಹಿಮಾಲಯ ಏಳಲು ಶುರುವಾಗಿ ಬರೀ ಐದು ಕೋಟಿ ವರ್ಷ ಚಿಲ್ಲರೆ. ನಾವು ಮುತ್ತಜ್ಜನ ಬೆನ್ನ ಮೇಲೆ ವಾಕಿಂಗ್ ಮಾಡುತ್ತೇವೆ, ಅಲ್ಲಿಯವರು ಇನ್ನೂ ಬೆಳೆಯುತ್ತಿರುವ ಹುಡುಗನ ಹೆಗಲ ಮೇಲೆ ಮನೆ ಕಟ್ಟಿದ್ದಾರೆ. ಇದು ಆಗ ಹೊಳೆದಿದ್ದಲ್ಲ, ಜೋಶಿಮಠದ ಗೋಡೆಗಳನ್ನು ನೋಡಿದ ಮೇಲೆ ಹೊಳೆದದ್ದು.

ಡೆಹ್ರಾಡೂನ್‌ವರೆಗೆ ವಿಮಾನ, ರಾತ್ರಿ ಋಷಿಕೇಶ, ಬೆಳಗ್ಗೆ ಐದಕ್ಕೆ ಜೀಪು. ಅಲ್ಲಿಂದ ಸುಮಾರು 250 ಕಿಲೋಮೀಟರ್. ಇಲ್ಲಿ ಮೈಸೂರಿಗೆ ಹೋಗಿ ಬರುವಷ್ಟು ದೂರ ಅಂತ ಉಡಾಫೆ ಮಾಡಿದ್ದೆ, ಹನ್ನೊಂದು ಗಂಟೆ ಹಿಡಿಯಿತು. ದೇವಪ್ರಯಾಗದಲ್ಲಿ ಅಲಕನಂದಾ, ಭಾಗೀರಥಿ ಕೂಡಿ ಗಂಗೆ ಅನ್ನಿಸಿಕೊಳ್ಳುವ ಜಾಗದಲ್ಲಿ ಜೀಪು ನಿಲ್ಲಿಸಿದರು. ಗೆಳೆಯ ವಾಂತಿ ಮಾಡಿಕೊಂಡ. ರಸ್ತೆಯ ವಿಷಯ ಇಷ್ಟು ಸಾಕು.

ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಜೋಶಿಮಠ ಊರು ಇರುವುದೇ ಹೆಚ್ಚುಕಮ್ಮಿ ಆ ಎತ್ತರದಲ್ಲಿ. ನಮ್ಮ ಶಿಖರ ಎಲ್ಲಿ ಮುಗಿಯುತ್ತದೋ ಅಲ್ಲಿ ಅವರ ಬಸ್ ಸ್ಟ್ಯಾಂಡ್. ಔಲಿ ಅಲ್ಲಿಂದ ಮೇಲೆ, 2,500ರಿಂದ 3,000 ಮೀಟರ್ ತನಕ ಹರಡಿಕೊಂಡಿದೆ.

ಈ ಊರಿಗೂ ನಮಗೂ ಹಳೇ ನಂಟು ಇದೆ. ಶಂಕರಾಚಾರ್ಯರು ಸ್ಥಾಪಿಸಿದರು ಅನ್ನುವ ನಾಲ್ಕು ಮಠಗಳಲ್ಲಿ ದಕ್ಷಿಣದ್ದು ಶೃಂಗೇರಿ, ಉತ್ತರದ್ದು ಇಲ್ಲಿನ ಜ್ಯೋತಿರ್ಮಠ. ಜೋಶಿಮಠ ಅನ್ನುವುದು ಅದೇ ಹೆಸರು ಬಾಯಲ್ಲಿ ಸವೆದು ಆದದ್ದು. 2024ರಲ್ಲಿ ಸರ್ಕಾರ ಮತ್ತೆ ಜ್ಯೋತಿರ್ಮಠ ಅಂತಲೇ ಮಾಡಿದೆ, ಆದರೆ ಜೀಪಿನವರು ಯಾರೂ ಹಾಗೆ ಕರೆಯುವುದಿಲ್ಲ. ಅಲ್ಲೊಂದು ನರಸಿಂಹ ದೇವಸ್ಥಾನ. ಮೂರ್ತಿಯ ಒಂದು ಕೈಯ ಮಣಿಕಟ್ಟು ದಿನದಿನಕ್ಕೆ ತೆಳ್ಳಗಾಗುತ್ತಿದೆಯಂತೆ, ಅದು ಮುರಿದ ದಿನ ಎರಡು ಬೆಟ್ಟ ಕೂಡಿಕೊಂಡು ಬದರಿಯ ದಾರಿ ಮುಚ್ಚಿಹೋಗುತ್ತದಂತೆ. ನಮ್ಮ ಕಡೆ ಹೀಗೆ ಹೇಳಿದರೆ ಪುರಾಣ ಅಂತ ಕೇಳಿಸಿಕೊಳ್ಳುತ್ತಿದ್ದೆ. ಅಲ್ಲಿ ಹಾಗೆ ಕೇಳಿಸಿಕೊಳ್ಳಲು ಆಗಲಿಲ್ಲ. 2023ರ ಜನವರಿಯಲ್ಲಿ ಆ ಊರಿನ 800ಕ್ಕೂ ಹೆಚ್ಚು ಕಟ್ಟಡ ಬಿರುಕು ಬಿಟ್ಟಿದ್ದು ನೆನಪಿದೆಯಾ? ಊರು ನಿಂತಿರುವುದೇ ಹಿಂದೆಂದೋ ಕುಸಿದು ಬಿದ್ದ ಗುಡ್ಡದ ರಾಶಿಯ ಮೇಲೆ, ಭಾರ ಜಾಸ್ತಿ ಹೇರಬೇಡಿ ಅಂತ 1976ರಲ್ಲೇ ಸರ್ಕಾರಿ ಸಮಿತಿಯೊಂದು ಎಚ್ಚರಿಸಿತ್ತು. ಜೋಶಿಮಠದಿಂದ ಔಲಿಗೆ ಸುಮಾರು 4 ಕಿಲೋಮೀಟರ್ ಉದ್ದದ ರೋಪ್‌ವೇ ಇದೆ. ಅದು ಆ ಜನವರಿಯಲ್ಲಿ ನಿಂತದ್ದು, ನಾವು ಹೋದಾಗಲೂ ನಿಂತೇ ಇತ್ತು. ಅದರ ಕಂಬಗಳ ಕೆಳಗೆ ಜೀಪಿನಲ್ಲಿ ಸುತ್ತಿ ಸುತ್ತಿ ಹತ್ತಿದೆವು.

ರೆಸಾರ್ಟ್ ರೇಟು ನೋಡಿ ಹೆದರಿ, ಔಲಿಯ ಕೆಳಗಿನ ಒಂದು ಹಳ್ಳಿಯ ಮನೆಯಲ್ಲಿ ಉಳಿದುಕೊಂಡಿದ್ದೆವು. ಈ ಪ್ರವಾಸದಲ್ಲಿ ನಾನು ಮಾಡಿದ ಒಂದೇ ಒಂದು ಬುದ್ಧಿವಂತಿಕೆ ಅದು, ಅದೂ ಜಿಪುಣತನದಿಂದ ಆದದ್ದು.

ಇನ್ನು ಬೀಳುವ ವಿಷಯಕ್ಕೆ ಬರೋಣ.

ಸ್ಕೀ ಬೂಟು ಅಂದರೆ ಬೂಟಲ್ಲ, ಕಾಲಿಗೆ ಹಾಕಿದ ಪ್ಲಾಸ್ಟಿಕ್ ಬೇಡಿ. ಹಿಮ್ಮಡಿಗಂಟು ಅಲ್ಲಾಡದ ಹಾಗೆ ಬಿಗಿದುಬಿಡುತ್ತದೆ. ಮೊದಲು ಒಂದು ಅಂಗಡಿಯಲ್ಲಿ ಬಾಡಿಗೆಗೆ ಕೊಟ್ಟ ಬೂಟು ಒಂದು ಸೈಜ್ ದೊಡ್ಡದಿತ್ತು. ದಪ್ಪ ಕಾಲುಚೀಲ ಎರಡು ಹಾಕ್ಕೊಳ್ಳಿ ಸರ್, ಸರಿಹೋಗುತ್ತೆ ಅಂದರು. ಸರಿಹೋಗಲಿಲ್ಲ. ಒಳಗೆ ಕಾಲು ಒಂದು ಕಡೆ ತಿರುಗಿದರೆ ಹೊರಗೆ ಸ್ಕೀ ಇನ್ನೊಂದು ಕಡೆ. ನಮ್ಮ ಮಾಸ್ಟರ್ ನೋಡಿದ ಕೂಡಲೇ ಬಿಚ್ಚಿಸಿ ಬೇರೆ ಕೊಡಿಸಿದರು. ಒಂದೇ ಕಾಲುಚೀಲ, ಬೆರಳ ತುದಿ ಬೂಟಿಗೆ ತಾಗಿಯೂ ತಾಗದ ಹಾಗೆ ಇರಬೇಕು ಅಂದರು. ನೀವು ಹೋಗುವುದಿದ್ದರೆ ಇದೊಂದು ನೆನಪಿಟ್ಟುಕೊಳ್ಳಿ. ಜಾಕೆಟ್ಟು ಹೇಗಾದರೂ ಇರಲಿ, ಬೂಟಲ್ಲಿ ರಾಜಿ ಬೇಡ.

ಬೂಟನ್ನು ಸ್ಕೀಗೆ ಹಿಡಿದಿಡುವ ಕ್ಲಿಪ್ಪಿಗೆ ಬೈಂಡಿಂಗ್ ಅನ್ನುತ್ತಾರೆ. ಮುಂದೆ ತುದಿ ಸಿಕ್ಕಿಸಿ ಹಿಮ್ಮಡಿ ಒತ್ತಿದರೆ ಟಕ್ ಅನ್ನುತ್ತದೆ. ಅಟ್ಟೆಯಡಿ ಸ್ವಲ್ಪ ಸ್ನೋ ಮೆತ್ತಿದ್ದರೂ ಟಕ್ ಅನ್ನುವುದಿಲ್ಲ, ಕೆರೆದು ಕೆರೆದು ಹಾಕಬೇಕು. ಇದರ ಚಂದ ಏನೆಂದರೆ ಜೋರಾಗಿ ಬಿದ್ದರೆ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ನಮ್ಮ ತೂಕ, ನಮಗೆ ಎಷ್ಟು ಬರುತ್ತದೆ ಎಲ್ಲ ನೋಡಿ ಸ್ಕ್ರೂ ತಿರುಗಿಸಿ ಎಷ್ಟು ಒತ್ತಡಕ್ಕೆ ಬಿಡಬೇಕು ಅಂತ ಹೊಂದಿಸುತ್ತಾರೆ. ಬಿಡದಿದ್ದರೆ ಉದ್ದನೆಯ ಸ್ಕೀ ಸನ್ನೆಗೋಲಿನ ಹಾಗೆ ಮಂಡಿಯನ್ನು ತಿರುಚುತ್ತದೆ. ನನ್ನದು ಎರಡು ದಿನದಲ್ಲಿ ಆರು ಸಲ ಬಿಟ್ಟಿತು. ಮಂಡಿ ಇನ್ನೂ ನನ್ನ ಹತ್ತಿರವೇ ಇದೆ.

ಮೊದಲ ಪಾಠ ಜಾರುವುದಲ್ಲ, ಹತ್ತುವುದು. ಕೋರ್ಸ್‌ನವರನ್ನು ಮೊದಲ ದಿನ ಯಾರೂ ತಂತಿಗೆ ನೇತುಬಿದ್ದ ಕುರ್ಚಿಯಲ್ಲಿ ಮೇಲಕ್ಕೆ ಒಯ್ಯುವ ಚೇರ್‌ಲಿಫ್ಟ್‌ನಲ್ಲಿ ಕೂರಿಸುವುದಿಲ್ಲ. ಸ್ಕೀ ಅಡ್ಡ ಇಟ್ಟು ಏಡಿ ಥರ ಪಕ್ಕಕ್ಕೆ ಹೆಜ್ಜೆ ಹಾಕುತ್ತಾ ಹತ್ತಬೇಕು, ಇಲ್ಲವೇ ತುದಿ ಅಗಲಿಸಿ ಬಾತುಕೋಳಿ ಥರ. ಇಪ್ಪತ್ತು ನಿಮಿಷ ಹತ್ತಿದ್ದು ಹತ್ತು ಸೆಕೆಂಡ್‌ನಲ್ಲಿ ಇಳಿದುಹೋಗುತ್ತದೆ, ಅದರಲ್ಲಿ ಎಂಟು ಸೆಕೆಂಡ್ ಕುಂಡೆಯ ಮೇಲೆ.

ಎರಡನೇ ಪಾಠ ಬೀಳುವುದು. ಬೀಳುವುದಕ್ಕೂ ಪಾಠ! ಹಿಂದಕ್ಕೆ ಬೀಳಬಾರದು, ಮುಂದಕ್ಕಂತೂ ಬೇಡವೇ ಬೇಡ, ಗುಡ್ಡದ ಕಡೆಗೆ ಪಕ್ಕಕ್ಕೆ ಒರಗಿ ಕೂತುಬಿಡಬೇಕು. ಏಳುವಾಗ ಎರಡೂ ಸ್ಕೀ ನಮ್ಮ ಕೆಳಗಡೆ, ಇಳಿಜಾರಿಗೆ ಅಡ್ಡ ಇರಬೇಕು. ನೇರ ಇಟ್ಟುಕೊಂಡು ಎದ್ದರೆ ನಾವು ಏಳುವ ಮೊದಲೇ ಅದು ಹೊರಟಿರುತ್ತದೆ. ನಾನು ಎರಡು ಸಲ ಹಾಗೆ ಅರ್ಧ ಎದ್ದ ಭಂಗಿಯಲ್ಲೇ ದೆಹಲಿಯ ಒಂದು ಕುಟುಂಬದ ಫೋಟೋ ಸೆಷನ್ ನಡುವೆ ಹಾದುಹೋದೆ.

ಆಮೇಲೆ ಸ್ನೋಪ್ಲೋ. ಸ್ಕೀಗಳ ಮುಂತುದಿ ಹತ್ತಿರ, ಹಿಂತುದಿ ದೂರ, ಮೇಲಿಂದ ನೋಡಿದರೆ ತಲೆಕೆಳಗಾದ ವಿ. ಒಳಅಂಚುಗಳು ಸ್ನೋ ಕೆರೆದು ವೇಗ ಇಳಿಸುತ್ತವೆ. ಅಗಲಿಸಿದಷ್ಟೂ ಬ್ರೇಕು. ಇಷ್ಟೇ, ಕೇಳಲು ಸುಲಭ. ಆದರೆ ಭಯ ಆದಾಗ ಮೈ ತಾನಾಗಿಯೇ ಹಿಂದಕ್ಕೆ ವಾಲುತ್ತದೆ. ವಾಲಿದ ಕೂಡಲೇ ತೂಕ ಸ್ಕೀಯ ಬಾಲಕ್ಕೆ ಹೋಗುತ್ತದೆ, ಮೂತಿ ಹಗುರಾಗುತ್ತದೆ, ಆಮೇಲೆ ಅದು ನಮ್ಮ ಮಾತು ಕೇಳುವುದಿಲ್ಲ, ಇನ್ನೂ ವೇಗ, ಇನ್ನೂ ಭಯ, ಇನ್ನೂ ಹಿಂದಕ್ಕೆ. ಮುಂಗಾಲ ಮೂಳೆಯನ್ನು ಬೂಟಿನ ನಾಲಿಗೆಗೆ ಒತ್ತಿ, ಯಾವ ಕಣಿವೆ ನೋಡಿ ಎದೆ ಝಲ್ ಅನ್ನುತ್ತದೋ ಅದೇ ಕಣಿವೆಯ ಕಡೆಗೆ ಬಾಗಬೇಕು. "ಆಗೇ ಝುಕೋ, ಆಗೇ!", ಮುಂದಕ್ಕೆ ಬಾಗು ಅಂತ ಮಾಸ್ಟರ್ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಇಪ್ಪತ್ತು ವರ್ಷ ಬೆಂಗಳೂರಿನ ರಸ್ತೆಯಲ್ಲಿ ಗಾಡಿ ಓಡಿಸಿದವನಿಗೆ ಅಪಾಯ ಕಂಡರೆ ಹಿಂದೆ ಸರಿಯುವುದು ರಕ್ತದಲ್ಲೇ ಇದೆ. ಅದನ್ನು ಬಿಡಿಸಲು ಅವರಿಗೆ ನಾಲ್ಕು ದಿನ ಹಿಡಿಯಿತು.

ತಿರುವು ಇನ್ನೊಂದು ತಮಾಷೆ. ಎಡಕ್ಕೆ ಹೋಗಬೇಕಾದರೆ ಬಲಗಾಲಿಗೆ ಭಾರ ಹಾಕಬೇಕು. ಭುಜ ತಿರುಗಿಸಿದರೆ ಏನೂ ಆಗುವುದಿಲ್ಲ, ಕೈ ಬೀಸಿದರೆ ಏನೂ ಆಗುವುದಿಲ್ಲ, ದೇವರನ್ನು ನೆನೆದರೂ ಅಷ್ಟೇ. ಮೂರನೇ ದಿನ ಮಧ್ಯಾಹ್ನ ಒಂದೇ ಒಂದು ಸಲ ಬಲಗಾಲು ಒತ್ತಿದೆ, ಸ್ಕೀ ಮೆತ್ತಗೆ, ಎತ್ತು ಉಳುವ ಸಾಲಿನ ಕೊನೆಯಲ್ಲಿ ತಿರುಗುತ್ತದಲ್ಲ ಹಾಗೆ, ತಾನೇ ಎಡಕ್ಕೆ ತಿರುಗಿತು. ನಾನು ಎಷ್ಟು ಖುಷಿಪಟ್ಟೆ ಅಂದರೆ ನಿಲ್ಲಿಸುವುದೇ ಮರೆತು ಅಂಚಿಗೆ ಕಟ್ಟಿದ್ದ ತಡೆಬಲೆಗೆ ಹೋಗಿ ಬಿದ್ದೆ.

ಸ್ನೋ ಕೂಡ ದಿನವಿಡೀ ಒಂದೇ ಥರ ಇರುವುದಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಗಾಜಿನ ಥರ ಗಟ್ಟಿ, ಹನ್ನೊಂದಕ್ಕೆ ಹದ, ಒಂದು ಗಂಟೆಗೆ ಕಲಸಿದ ಅವಲಕ್ಕಿ, ನೆರಳು ಬಿದ್ದರೆ ಮತ್ತೆ ಗಾಜು. ಬಿಸಿಲು ಮೇಲಿಂದ ಬರುವುದು ಸಾಲದು ಅಂತ ಕೆಳಗಿಂದಲೂ ಬರುತ್ತದೆ. ಹೊಸ ಸ್ನೋ ನೇರಳಾತೀತ ಕಿರಣಗಳಲ್ಲಿ ಶೇ 80ರಷ್ಟನ್ನು ವಾಪಸ್ ಎಸೆಯಬಲ್ಲದು. ಮುಖಕ್ಕೆ ಕ್ರೀಮ್ ಬಳಿದಿದ್ದೆ. ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಒಳಗೆ ಯಾರು ಬಳಿಯುತ್ತಾರೆ? ಸುಟ್ಟು ಸಿಪ್ಪೆ ಎದ್ದಿತು.

ಐದನೇ ದಿನ ತೊಡೆಗಳು ಮುಷ್ಕರ ಹೂಡಿದವು. ರಜೆ ಹಾಕಿ, ಧೌಲಿಗಂಗಾ ಕಣಿವೆಯಲ್ಲಿ ರೈಣಿ ಅನ್ನುವ ಹಳ್ಳಿಗೆ ಹೋಗಿಬಂದೆವು. 1974ರ ಮಾರ್ಚ್‌ನಲ್ಲಿ ಗೌರಾದೇವಿ ಮತ್ತು ಊರಿನ ಹೆಂಗಸರು ಮರ ಕಡಿಯಲು ಬಂದವರನ್ನು ತಡೆದು ಕಳಿಸಿದ್ದು ಅಲ್ಲಿ. ಒಂಬತ್ತು ವರ್ಷದ ಮೇಲೆ ಶಿರಸಿಯ ಹತ್ತಿರ ಸಲ್ಕಣಿಯಲ್ಲಿ ಮರ ಅಪ್ಪಿ ಉಳಿಸುವ ಅಪ್ಪಿಕೋ ಚಳವಳಿ ಶುರುವಾಗಿದ್ದು ಅದೇ ಬಿಸಿಯಿಂದ. ಅದೇ ರೈಣಿಯ ಕೆಳಗೆ 2021ರ ಫೆಬ್ರವರಿಯಲ್ಲಿ ಬಂಡೆ, ಮಂಜುಗಡ್ಡೆ ಕುಸಿದು ನದಿ ಉಕ್ಕಿ ವಿದ್ಯುತ್ ಯೋಜನೆಗಳನ್ನೂ ಅಲ್ಲಿ ಕೆಲಸ ಮಾಡುತ್ತಿದ್ದವರನ್ನೂ ಕೊಚ್ಚಿಕೊಂಡು ಹೋಯಿತು. ನದಿ ಈಗ ತೆಳ್ಳಗೆ ಹಸಿರಾಗಿ ಹರಿಯುತ್ತಿತ್ತು. ನಾವು ಜಾಸ್ತಿ ಹೊತ್ತು ನಿಲ್ಲಲಿಲ್ಲ.

ವಾಪಸ್ ಬಂದಾಗ ಮನೆಯ ಅಜ್ಜಿ ಅಂಗಳದಲ್ಲಿ ಉಣ್ಣೆ ನೂಲುತ್ತಿದ್ದರು. ಮನೆಯ ಬಗ್ಗೆ ಹೇಳಲೇ ಇಲ್ಲ ನೋಡಿ. ಕಲ್ಲಿನ ಗೋಡೆ, ದೇವದಾರಿನ ತೊಲೆ, ಸೂರಿಗೆ ಹೆಂಚಲ್ಲ, ಕಲ್ಲಿನ ಚಪ್ಪಡಿಗಳು. ಪಠಾಲ್ ಅನ್ನುತ್ತಾರೆ. ಕೆಳಗೆ ದನ, ಮೇಲೆ ಜನ. ದನದ ಮೈಯ ಬಿಸಿ ಹಲಗೆಯ ಸಂದಿಯಿಂದ ಮೇಲೆ ಬರುತ್ತದೆ, ಜೊತೆಗೆ ವಾಸನೆಯೂ. ಗೆಳೆಯ ಮೊದಲ ರಾತ್ರಿ ಮೂಗು ಮುಚ್ಚಿಕೊಂಡ. ನನಗೆ ಕನಕಪುರದ ಕಡೆ ನಮ್ಮ ತಾತನ ಮನೆ ನೆನಪಾಯಿತು, ಅಲ್ಲೂ ಬಾಗಿಲು ದಾಟಿದ ಕೂಡಲೇ ಮೊದಲು ಕೊಟ್ಟಿಗೆ, ಆಮೇಲೆ ಮನೆ.

ಈ ಸಲ ಸ್ನೋ ಕಮ್ಮಿ, ನಮ್ಮ ಪಾಠಕ್ಕೆ ತೊಂದರೆ ಅಂತ ಅಜ್ಜಿಯ ಹತ್ತಿರ ಗೊಣಗಿದೆ. ಔಲಿಯಲ್ಲಿ ಸ್ನೋ ಸಾಲದೆ ಸ್ಪರ್ಧೆಗಳನ್ನು ಮುಂದಕ್ಕೆ ಹಾಕಿದ್ದೂ ಇದೆ, ಕೃತಕವಾಗಿ ಮಾಡುವ ಯಂತ್ರಗಳನ್ನೂ ತಂದಿದ್ದಾರೆ. ಅಜ್ಜಿ ನಕ್ಕು, ನಿಮಗೆ ಜಾರಲು ಕಮ್ಮಿ, ನಮ್ಮ ಗೋಧಿಗೆ ಕುಡಿಯಲು ಕಮ್ಮಿ ಅಂದರು. ಆಮೇಲೆ ಶುರುವಾಯಿತು ಲೆಕ್ಕ. ಸ್ನೋ ಗದ್ದೆಯ ಮೇಲೆ ಮಲಗಿ ಮೆಲ್ಲಗೆ ಕರಗಿದರೆ ನೀರು ಒಳಕ್ಕೆ ಇಳಿಯುತ್ತದೆ, ಅದೇ ಮಳೆಯಾಗಿ ಬಂದರೆ ಓಡಿಹೋಗುತ್ತದೆ. ಸೇಬಿನ ಮರಕ್ಕೆ ಸಾಕಷ್ಟು ದಿನ ಚಳಿ ಹಿಡಿಯದಿದ್ದರೆ ಹೂವು ಸರಿಯಾಗಿ ಬಿಡುವುದಿಲ್ಲ. ಬೇಸಿಗೆಯಲ್ಲಿ ಊರ ನೀರಿನ ಸೆಲೆ ಬತ್ತುವುದು ಬಿಡುವುದು ಈಗ ಬಿದ್ದದ್ದರ ಮೇಲೆ. ಗಢವಾಲಿಯಲ್ಲಿ ಸ್ನೋಗೆ ಹ್ಯೂಂ ಅನ್ನುತ್ತಾರೆ. ನಮ್ಮ ಪುಸ್ತಕದ ಹಿಮವೇ, ಬಾಯಲ್ಲಿ ಬಿದ್ದು ಬಳಸಿ ಬಳಸಿ ಮೂಳೆ ಕಳೆದುಕೊಂಡು ಹ್ಯೂಂ ಆಗಿದೆ. ನಮ್ಮ ಕಡೆ ಅಜ್ಜಿಯರು ಭರಣಿ ಮಳೆ, ಸ್ವಾತಿ ಮಳೆ ಅಂತ ಲೆಕ್ಕ ಹಾಕುವ ದನಿಯಲ್ಲೇ ಅವರು ಹ್ಯೂಂ ಬಗ್ಗೆ ಮಾತಾಡುತ್ತಿದ್ದರು. ನಾಲ್ಕು ದಿನ ನಾನು ಅವರ ಮಳೆಯ ಮೇಲೆ ಕುಂಡೆ ಊರಿಕೊಂಡು ಜಾರಿದ್ದೆ.

ಎದುರಿಗೆ ನಂದಾದೇವಿ ಕಾಣುತ್ತಿತ್ತು, 7,816 ಮೀಟರ್. ನಮ್ಮ ಹುಡುಗಿ, ಗಂಡನ ಮನೆಯಲ್ಲಿದ್ದಾಳೆ ಅಂದರು ಅಜ್ಜಿ. ಅವರಿಗೆ ನಂದಾ ಅಂದರೆ ತವರಿಗೆ ಬಂದುಹೋಗುವ ಮಗಳು. ಹನ್ನೆರಡು ವರ್ಷಕ್ಕೊಮ್ಮೆ ಅಂತ ನಡೆಯುವ ರಾಜಜಾತ್‌ನಲ್ಲಿ ಅವಳನ್ನು ದಿನಗಟ್ಟಲೆ ನಡೆದು ಬೆಟ್ಟದ ಕಡೆಗೆ ಕಳಿಸಿಕೊಟ್ಟು ಬರುತ್ತಾರೆ. ನಮ್ಮ ಗೌರಿ ಹಬ್ಬದ ಗೌರಿಯೇ, ಬಾಗಿನ ಒಂದು ಇಲ್ಲ ಅಷ್ಟೇ.

ಆ ರಾತ್ರಿ ಊಟಕ್ಕೆ ಕರೆದರು. ತಟ್ಟೆಯಲ್ಲಿ ಕಂದು ಬಣ್ಣದ, ಹೊಳೆಯುವ, ಹಬೆಯಾಡುವ ಒಂದು ಗುಡ್ಡೆ. ಪಕ್ಕದಲ್ಲಿ ಗಟ್ಟಿ ಸಾರು. ಏನಿದು ಅಂತ ಕೇಳಿದೆ. ಬಾಡಿ ಅಂದರು, ಮಂಡುವಾ ಹಿಟ್ಟಿನದು. ಸಾರು ಫಾಣು, ಗಹತ್ ನೆನೆಸಿ ರುಬ್ಬಿ ಮಾಡಿದ್ದು. ಬೆರಳಲ್ಲಿ ಮುರಿದು, ಸಾರಿಗೆ ಅದ್ದಿ ಬಾಯಿಗೆ ಹಾಕಿಕೊಂಡೆ. ಅಗಿಯಲಿಲ್ಲ, ಅಭ್ಯಾಸ ಬಲದಿಂದ ನುಂಗಿಬಿಟ್ಟೆ. ನುಂಗಿದ ಮೇಲೆ ತಲೆಗೆ ಹೋಯಿತು. ಮಂಡುವಾ ಅಂದರೆ ರಾಗಿ. ಗಹತ್ ಅಂದರೆ ಹುರಳಿ. ಎರಡು ಸಾವಿರ ಕಿಲೋಮೀಟರ್‌ಗಿಂತ ಜಾಸ್ತಿ ದೂರ ಬಂದು, ಸ್ನೋ ನಡುವೆ ಕೂತು ನಾನು ಉಣ್ಣುತ್ತಿದ್ದದ್ದು ಮುದ್ದೆ, ಹುರಳಿ ಸಾರು!

ದೆಹಲಿಯವರು ಬಾಡಿಯನ್ನು ಅಗಿದು ಹಲ್ಲಿಗೆ ಮೆತ್ತಿಸಿಕೊಂಡು ಬಿಟ್ಟೇಬಿಡುತ್ತಾರೆ, ನೀನೊಬ್ಬ ಸರಿಯಾಗಿ ತಿಂದೆ ಅಂತ ಅಜ್ಜಿ ಖುಷಿಯಾದರು. ನಾನು ಮೂರು ಸಲ ಹಾಕಿಸಿಕೊಂಡೆ. ಗೆಳೆಯ ಮಂಗಳೂರಿನ ಕಡೆಯವನು, ಒಂದು ತುತ್ತು ತಿಂದು ಅನ್ನ ಇದೆಯಾ ಅಂದ.

ಖುಷಿಗೆ ಅಮ್ಮನಿಗೆ ವಿಡಿಯೋ ಕಾಲ್ ಹಚ್ಚಿದೆ. ಅಮ್ಮನಿಗೆ ಹಿಂದಿ ಬರುವುದಿಲ್ಲ, ಅಜ್ಜಿಗೆ ಕನ್ನಡ ಬರುವುದಿಲ್ಲ, ನಡುವೆ ನಾನು. ಮೊದಮೊದಲು ಚೆನ್ನಾಗಿಯೇ ಇತ್ತು. ಹುರಳಿ ಉಷ್ಣ ಅಂದರು ಅಮ್ಮ, ಹೌದು ಉಷ್ಣ ಅಂದರು ಅಜ್ಜಿ. ಕಿಡ್ನಿ ಕಲ್ಲಿಗೆ ಒಳ್ಳೇದು ಅಂದರು ಅಜ್ಜಿ, ನಮ್ಮಲ್ಲೂ ಹಾಗೇ ಅನ್ನುತ್ತಾರೆ ಅಂದರು ಅಮ್ಮ. ಆಮೇಲೆ ಅಜ್ಜಿ, ಮಂಡುವಾ ಮೈಗೆ ಬಿಸಿ, ಅದಕ್ಕೇ ಚಳಿಗಾಲದಲ್ಲಿ ಮಾತ್ರ ತಿನ್ನುವುದು, ಬೇಸಿಗೆಯಲ್ಲಿ ಮುಟ್ಟುವುದಿಲ್ಲ ಅಂದರು. ನಾನು ಹಾಗೇ ಕನ್ನಡ ಮಾಡಿದೆ. ಅಮ್ಮ ಸ್ಕ್ರೀನ್ ಹತ್ತಿರ ಬಂದರು. "ರಾಗಿ ಬಿಸಿನಾ? ರಾಗಿ ತಂಪು ಅಂತ ಹೇಳು ಅವರಿಗೆ. ಬೇಸಿಗೆಗೆ ಅಂಬಲಿ ಯಾಕ್ ಕುಡೀತೀವಂತೆ?" ಹೇಳಿದೆ. ಅಜ್ಜಿ ಒಪ್ಪಲಿಲ್ಲ. ಈ ಚಳಿಯಲ್ಲಿ ಎಂಬತ್ತು ವರ್ಷ ಬದುಕಿದ್ದೇ ಇದರ ಬಿಸಿಯಿಂದ ಅಂದರು. ಅಮ್ಮನೂ ಒಪ್ಪಲಿಲ್ಲ. ಹತ್ತು ನಿಮಿಷ ಆ ಕಡೆಯ ಮಾತು ಈ ಕಡೆಗೆ ಹಾಕಿ ಹಾಕಿ, ಸ್ನೋಪ್ಲೋನೇ ವಾಸಿ ಅನಿಸಿತು. ಕೊನೆಗೆ ನೆಟ್‌ವರ್ಕ್ ಹೋಗಿ ಬಚಾವಾದೆ.

ಏಳನೇ ದಿನ ಚೇರ್‌ಲಿಫ್ಟ್ ಹತ್ತಿಸಿದರು. ಮೇಲಿಂದ ಕೆಳಗಿನ ತನಕ ಹನ್ನೆರಡೋ ಹದಿಮೂರೋ ತಿರುವು. ಪಕ್ಕದಲ್ಲಿ ಗಡಿ ಕಾಯುವ ಐಟಿಬಿಪಿ ಪಡೆಯ ಹುಡುಗರು ಬಾಣದ ಹಾಗೆ ಹೋಗುತ್ತಿದ್ದರು, ನಾನು ಹಾಲಿನ ಲಾರಿಯ ಹಾಗೆ ಬಂದೆ. ಎರಡು ಸಲ ಮಾತ್ರ ಬಿದ್ದೆ. ಎರಡನೆಯದು ನಿಂತ ಮೇಲೆ ಬಿದ್ದದ್ದು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ಗೆಳೆಯನ ಜೊತೆ ಇನ್ನೂ ಜಗಳ ನಡೆದಿದೆ.

ಹೊರಡುವಾಗ ಅಜ್ಜಿ ಏಪ್ರಿಲ್‌ನಲ್ಲಿ ಬಂದರೆ ಸಲೂಡ್-ಡುಂಗ್ರಾದಲ್ಲಿ ರಮ್ಮಾಣ್ ನೋಡಬಹುದು ಅಂದರು, ಮರದ ಮುಖವಾಡ ಹಾಕಿ ಕುಣಿಯುವ ಊರಹಬ್ಬ, 2009ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ರಜೆ ಎಲ್ಲಿಂದ ತರಲಿ? ನಕ್ಕು, ಎರಡು ಕಿಲೋ ಮಂಡುವಾ ಹಿಟ್ಟು ಕಟ್ಟಿಕೊಟ್ಟರು. ಅಮ್ಮನಿಗೆ ಕೊಡು, ಚಳಿಗಾಲದಲ್ಲಿ ತಿನ್ನಲಿ ಅಂತ ಒತ್ತಿ ಹೇಳಿದರು.

ಬೆಂಗಳೂರಿಗೆ ಬಂದಾಗ ಮಾರ್ಚ್, ಆಗಲೇ ಫ್ಯಾನ್ ಐದಕ್ಕೆ ಏರಿತ್ತು. ಅಮ್ಮ ಹಿಟ್ಟಿನ ಗಂಟು ಬಿಚ್ಚಿ, ಬೆರಳಲ್ಲಿ ಉಜ್ಜಿ, ಮೂಸಿ ನೋಡಿದರು. ನಮ್ಮದೇ, ಬಣ್ಣ ಸ್ವಲ್ಪ ಗಾಢ ಅಷ್ಟೇ ಅಂದರು. ಬೆಳಗ್ಗೆ ಎದ್ದು ನೋಡಿದರೆ ಅದೇ ಹಿಟ್ಟಿನಲ್ಲಿ ಅಂಬಲಿ ಕಾಯಿಸಿ, ಆರಿಸಿ, ಮಜ್ಜಿಗೆ, ಈರುಳ್ಳಿ ಹಾಕಿ ಲೋಟಕ್ಕೆ ಬಗ್ಗಿಸುತ್ತಿದ್ದರು.

"ಕುಡಿ, ತಂಪಾಗುತ್ತೆ. ಅವರಿಗೆ ಮಾತ್ರ ಹೇಳ್ಬೇಡ."